ಎರಡು ಹುಲ್ಲುಗಳ ನಂಟನ್ನು ಅಳೆಯುವುದು ಹೇಗೆ?

ದಖ್ಖನ್ ಪ್ರಸ್ಥಭೂಮಿಯ ಒಣ ಹುಲ್ಲುಗಾವಲುಗಳಲ್ಲಿ ಸೆಹಿಮಾ ನರ್ವೋಸಂ ಮತ್ತು ಹೆಟೆರೊಪೋಗಾನ್ ಕಂಟಾರ್ಟಸ್ ಎಂಬ ಹುಲ್ಲುಗಳು ಸಾಮಾನ್ಯ. ಇವು ಜೊತೆಗೂಡಿ ಬೆಳೆಯುತ್ತವೆಯೇ, ಒಂದಿರುವಲ್ಲಿ ಇನ್ನೊಂದು ಕಡಿಮೆಯೇ ಎಂಬುದನ್ನು ಕಣ್ಣಳತೆಯಿಂದ ನಿರ್ಧರಿಸಲಾಗದು.

ಮೊದಲಿಗೆ ಒಂದು ಮೀಟರ್ ಉದ್ದಗಲದ ಚೌಕಟ್ಟು ಬೇಕು. ಹುಲ್ಲು ಸೊಂಪಾಗಿರುವ ಜಾಗವನ್ನು ಹುಡುಕಿ ಅದನ್ನು ಇಡಕೂಡದು. ಮೈದಾನದ ಎರಡು ಅಂಚುಗಳಿಗೆ ಟೇಪು ಹಾಸಿ, ಯಾದೃಚ್ಛಿಕ ಸಂಖ್ಯೆಗಳು ತೋರಿಸಿದ ಜಾಗದಲ್ಲಿಯೇ ಇಡಬೇಕು. ಪ್ರತಿ ಚೌಕಟ್ಟಿನಲ್ಲೂ ಯಾವ ಹುಲ್ಲು ಇದೆ, ಯಾವುದು ಇಲ್ಲ ಎಂದಷ್ಟೇ ಬರೆದುಕೊಂಡರೆ ಸಾಕು. ತೆನೆ ಬಂದ ಮೇಲೆ ಗುರುತಿಸುವುದು ಸುಲಭ: ಹೆಟೆರೊಪೋಗಾನ್ ತೆನೆಯ ಉದ್ದನೆಯ ಕಂದು ಕೂದಲುಗಳು ತುದಿಯಲ್ಲಿ ಒಂದಕ್ಕೊಂದು ಹೊಸೆದುಕೊಂಡಿರುತ್ತವೆ, ಅದರ ಚೂಪಾದ ಬೀಜಗಳು ಬಟ್ಟೆಗೂ ನಾಟುತ್ತವೆ.

ಉದಾಹರಣೆಗೆ, 100 ಚೌಕಟ್ಟುಗಳ ಪೈಕಿ 30ರಲ್ಲಿ ಎರಡೂ, 20ರಲ್ಲಿ ಸೆಹಿಮಾ ಮಾತ್ರ, 10ರಲ್ಲಿ ಹೆಟೆರೊಪೋಗಾನ್ ಮಾತ್ರ ಇದ್ದು, 40ರಲ್ಲಿ ಎರಡೂ ಇಲ್ಲ ಎಂದುಕೊಳ್ಳೋಣ. ಅಂದರೆ ಸೆಹಿಮಾ ಒಟ್ಟು 50ರಲ್ಲಿ, ಹೆಟೆರೊಪೋಗಾನ್ 40ರಲ್ಲಿ ಇದೆ. ಅವುಗಳ ನಡುವೆ ನಂಟೇ ಇಲ್ಲದಿದ್ದರೆ ಎರಡೂ ಒಟ್ಟಿಗಿರುವ ಚೌಕಟ್ಟುಗಳು 50×40÷100, ಅಂದರೆ ಸುಮಾರು 20 ಇರಬೇಕಿತ್ತು. ಹೀಗೆಯೇ ಉಳಿದ ಮೂರು ಗುಂಪುಗಳ (ಸೆಹಿಮಾ ಮಾತ್ರ, ಹೆಟೆರೊಪೋಗಾನ್ ಮಾತ್ರ, ಎರಡೂ ಇಲ್ಲ) ನಿರೀಕ್ಷಿತ ಸಂಖ್ಯೆ 30, 20 ಮತ್ತು 30. ಪ್ರತಿ ಗುಂಪಿನಲ್ಲಿ ಕಂಡ ಸಂಖ್ಯೆಗೂ ನಿರೀಕ್ಷಿತ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ ಕೂಡಿದರೆ ಕೈ-ವರ್ಗ (chi-square) ಎಂಬ ಅಳತೆಯ ಮೌಲ್ಯ 16.67 ಬರುತ್ತದೆ. ನಂಟಿಲ್ಲದಿದ್ದರೂ ಈ ಮೌಲ್ಯ 3.84ರ ಗಡಿಯನ್ನು ದಾಟುವ ಸಾಧ್ಯತೆ ಸುಮಾರು ಶೇ 5 ಮಾತ್ರ ಆದ್ದರಿಂದ ಇದನ್ನು ಕೇವಲ ಆಕಸ್ಮಿಕ ಎನ್ನುವುದು ಕಷ್ಟ. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆಯಾದರೆ ಸಣ್ಣ ಸಂಖ್ಯೆಗಳಿಗೆ ಹೊಂದುವ ಫಿಶರ್ ಪರೀಕ್ಷೆಯನ್ನು ಬಳಸಬೇಕು.

ಇಪ್ಪತ್ತು ಪ್ರಭೇದಗಳಿದ್ದರೆ ಜೋಡಿಗಳು 190. ಯಾವ ನಂಟೂ ಇಲ್ಲದಿದ್ದರೂ ಒಂಬತ್ತು-ಹತ್ತು ಜೋಡಿಗಳು ಗಡಿ ದಾಟಬಹುದಾದ್ದರಿಂದ ಗಡಿಯನ್ನು ಬಿಗಿಗೊಳಿಸಲೇಬೇಕು.

ನಿಜವಾದ ತೊಡಕು ಚೌಕಟ್ಟಿನ ಗಾತ್ರದಲ್ಲಿದೆ. ಅದು ತೀರಾ ಚಿಕ್ಕದಾದರೆ ಎರಡು ಬುಡಗಳಿಗೆ ಜಾಗವೇ ಸಾಲದೆ ಹುಲ್ಲುಗಳು ಪರಸ್ಪರ ದೂರವಿರುವಂತೆ ಕಾಣುತ್ತದೆ. ದೊಡ್ಡದಾದರೆ, ಒಂದೇ ಬಗೆಯ ಮಣ್ಣನ್ನು ಬಯಸುವ ಸಸ್ಯಗಳೆಲ್ಲ ಗೆಳೆಯರಂತೆ ತೋರುತ್ತವೆ. ಆದ್ದರಿಂದ ಅದೇ ಜಾಗಗಳಲ್ಲಿ ಅರ್ಧ ಮೀಟರ್ ಮತ್ತು ಎರಡು ಮೀಟರ್ ಚೌಕಟ್ಟುಗಳಿಂದಲೂ ಎಣಿಸಿ, ಮಣ್ಣಿನ ಆಳವನ್ನೂ ಮೇಯಿಸಿದ ಗುರುತುಗಳನ್ನೂ ದಾಖಲಿಸಬೇಕು. ಬಳಿಕ ತೆಳು ಮಣ್ಣಿನ ಚೌಕಟ್ಟುಗಳನ್ನೂ ಆಳ ಮಣ್ಣಿನವನ್ನೂ ಬೇರ್ಪಡಿಸಿ ಲೆಕ್ಕ ಹಾಕಿದಾಗ ನಂಟು ಮಾಯವಾದರೆ, ಆ ಹುಲ್ಲುಗಳನ್ನು ಒಟ್ಟುಗೂಡಿಸಿದ್ದು ಬಹುಮಟ್ಟಿಗೆ ಮಣ್ಣೇ ಎಂದು ಭಾವಿಸಬಹುದು.