ಗಿಲೆನ್-ಬಾರೆ ಶಂಕೆಯಿದ್ದಾಗ ಬೆನ್ನುನೀರಿನ ವರದಿಯನ್ನು ಓದುವ ಬಗೆ

ಕಾಲು ಜೋಮು ಹಿಡಿದು, ಮೂರ‍್ನಾಲ್ಕು ದಿನಗಳಲ್ಲೇ ಮೆಟ್ಟಿಲು ಹತ್ತಲಾಗದಷ್ಟು ಬಲ ಕುಂದಿದವರಿಗೆ ವೈದ್ಯರು ಗಿಲೆನ್-ಬಾರೆ ಸಿಂಡ್ರೋಮ್ (ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ) ಇರಬಹುದೆಂದು ಶಂಕಿಸಿ ಸೊಂಟದ ಬಳಿ ಸೂಜಿ ಹಾಕಿ ಬೆನ್ನುನೀರನ್ನು, ಅಂದರೆ ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವವನ್ನು, ತೆಗೆದಿದ್ದರೆ, ಅದರ ವರದಿ ಕೈಗೆ ಬಂದೊಡನೆ ಅಂಕಿಗಳತ್ತ ಕಣ್ಣು ಹಾಯಿಸುವ ಮುನ್ನ ಒಂದು ಕೆಲಸ ಮಾಡಬೇಕು. ನಿಶ್ಶಕ್ತಿ ಶುರುವಾಗಿ ಎಷ್ಟನೆಯ ದಿನಕ್ಕೆ ನೀರು ತೆಗೆದರು ಎಂಬುದನ್ನು ಲೆಕ್ಕ ಹಾಕಿ ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಳ್ಳಬೇಕು. ಈ ಕಾಯಿಲೆಯಲ್ಲಿ ಪ್ರೋಟೀನ್ ಏರಲು ದಿನಗಳು ಹಿಡಿಯುತ್ತವೆ. ಮೊದಲ ವಾರದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟು ರೋಗಿಗಳಲ್ಲಿ ಅದು ಸಹಜವಾಗಿಯೇ ಇರಬಹುದು; ಎರಡನೇ ವಾರ ಕಳೆಯುವಷ್ಟರಲ್ಲಿ ಬಹುಪಾಲು ಜನರಲ್ಲಿ ಏರಿರುತ್ತದೆ. ಮೂರನೇ ದಿನದ ವರದಿ ಸಹಜವಾಗಿದೆಯೆಂದು ಕಾಯಿಲೆಯೇ ಇಲ್ಲವೆಂದು ತಿಳಿಯುವುದು ಅಪಾಯಕರ.

ಆಮೇಲೆ ಪ್ರೋಟೀನ್ ಮತ್ತು ಬಿಳಿ ರಕ್ತಕಣಗಳ ಎಣಿಕೆಯನ್ನು ಜೊತೆಯಾಗಿಯೇ ಓದಬೇಕು. ಪ್ರೋಟೀನ್ ಡೆಸಿಲೀಟರಿಗೆ 110 ಮಿಲಿಗ್ರಾಂ, ಬಿಳಿ ಕಣಗಳು ಮೈಕ್ರೊಲೀಟರಿಗೆ ಕೇವಲ 3 ಎಂದಿದ್ದರೆ, 1916ರಲ್ಲಿ ಗಿಲೆನ್, ಬಾರೆ ಮತ್ತು ಸ್ಟ್ರೋಲ್ ಇಬ್ಬರು ಫ್ರೆಂಚ್ ಸೈನಿಕರಲ್ಲಿ ಗುರುತಿಸಿದ ಚಿತ್ರ ಅದೇ. ದೇಹದ ರಕ್ಷಣಾ ವ್ಯವಸ್ಥೆಯು ನರಬೇರುಗಳ ಮೇಲೆ ದಾಳಿ ಮಾಡಿ ಅಲ್ಲಿನ ತಡೆಗೋಡೆ ಸಡಿಲವಾದಾಗ ರಕ್ತದ ಪ್ರೋಟೀನ್ ಈ ದ್ರವಕ್ಕೆ ಜಿನುಗುತ್ತದೆ, ಕಣಗಳು ಮಾತ್ರ ಅಷ್ಟಾಗಿ ಹೆಚ್ಚುವುದಿಲ್ಲ. ಕಣಗಳು 50 ದಾಟಿದ್ದರೆ ಸೋಂಕು ಅಥವಾ ಬೇರೆ ಕಾರಣವನ್ನು ಹುಡುಕಲೇಬೇಕು.

ಪ್ರೋಟೀನಿನ ಮೇಲ್ಮಿತಿಯನ್ನು ಸಾಮಾನ್ಯವಾಗಿ 45 ಎಂದು ಮುದ್ರಿಸಿರುತ್ತಾರೆ. ಆದರೆ ವಯಸ್ಸಾದಂತೆ ಅದು ತಾನಾಗಿಯೇ ಏರುವುದರಿಂದ, 70ರ ಅಜ್ಜಿಯೊಬ್ಬರಲ್ಲಿ 55 ಕಂಡರೆ ಅದಕ್ಕೆ ಹೆಚ್ಚು ತೂಕ ಕೊಡಬಾರದು. ಸಕ್ಕರೆ ಕಾಯಿಲೆಯಲ್ಲಿಯೂ, ಸೊಂಟದ ಮೂಳೆ ಸವೆದು ನರನಾಳ ಕಿರಿದಾದವರಲ್ಲಿಯೂ ಪ್ರೋಟೀನ್ ಏರಿರಬಹುದು. ಕೆಲವು ಲ್ಯಾಬುಗಳು ಲೀಟರಿಗೆ ಗ್ರಾಂ ಲೆಕ್ಕದಲ್ಲಿ ಬರೆಯುತ್ತವೆ, ಅಲ್ಲಿ 0.45 ಎಂದರೆ ಇಲ್ಲಿನ 45. ಸೂಜಿ ಚುಚ್ಚುವಾಗ ರಕ್ತ ಬೆರೆತಿದ್ದರೆ, ಪ್ರತಿ 1000 ಕೆಂಪು ಕಣಗಳಿಗೆ ಸುಮಾರು 1 ಮಿಲಿಗ್ರಾಂ ಕಳೆದು ನೋಡುವುದು ರೂಢಿ. ಈ ಕಾಯಿಲೆಯ ಚಿಕಿತ್ಸೆಗೆ ಬಳಸುವ ಇಮ್ಯುನೋಗ್ಲಾಬ್ಯುಲಿನ್ (ಪ್ರತಿಕಾಯಗಳ ಔಷಧಿ) ಕೊಟ್ಟ ನಂತರ ತೆಗೆದ ನೀರಿನಲ್ಲಿ ಪ್ರೋಟೀನೂ ಕಣಗಳೂ ಆ ಔಷಧಿಯಿಂದಲೇ ಏರಬಹುದಾದ್ದರಿಂದ, ಚಿಕಿತ್ಸೆ ಶುರುವಾದ ದಿನವನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ನಿಶ್ಶಕ್ತಿಯು ಎಂಟು ವಾರ ಮೀರಿಯೂ ಹೆಚ್ಚುತ್ತಲೇ ಹೋದರೆ, ಇದೇ ಬಗೆಯ ವರದಿಯನ್ನು ಕೊಡುವ ಸಿಐಡಿಪಿ ಎಂಬ ದೀರ್ಘಕಾಲದ ಕಾಯಿಲೆಯ ಬಗ್ಗೆ ನರರೋಗ ತಜ್ಞರನ್ನು ಕೇಳಬೇಕು.

ರೋಗಲಕ್ಷಣಗಳು ಸ್ಪಷ್ಟವಾಗಿದ್ದಲ್ಲಿ, ಪ್ರೋಟೀನ್ ಏರಲೆಂದು ಚಿಕಿತ್ಸೆಯನ್ನು ತಡಮಾಡುವಂತಿಲ್ಲ. ವರದಿಗೆ ಕಾಯುತ್ತಿರುವಾಗಲೂ ರೋಗಿಯು ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರೆಂದು ಬೆಳಿಗ್ಗೆ, ಸಂಜೆ ನೋಡುತ್ತಿರಬೇಕು. ಬೆಳಿಗ್ಗೆ 30ರವರೆಗೆ ಎಣಿಸಿದವರು ಸಂಜೆ 18ಕ್ಕೇ ನಿಲ್ಲಿಸಿದರೆ ಆ ಕ್ಷಣವೇ ವೈದ್ಯರನ್ನು ಕರೆಯಬೇಕು.