ಗಿಂಡಿಯ ನೆರಳು ಕೊಕ್ಕರೆಯಾದದ್ದು: ನನ್ನ ಅನುಭವ

ಬೆಲ್ಜಿಯಂನ ಚಲನಚಿತ್ರ ನಿರ್ದೇಶಕ ವಿನ್ಸೆಂಟ್ ಬಾಲ್ 2016ರಲ್ಲಿ ಚಹಾ ಬಟ್ಟಲಿನ ನೆರಳಿನಲ್ಲಿ ಆನೆಯನ್ನು ಕಂಡ ಮೇಲೆ, ನೆರಳಿಗೆ ನಾಲ್ಕು ಗೆರೆ ಸೇರಿಸಿ ಪ್ರಾಣಿ ಮಾಡುವ ಈ ಕೆಲಸಕ್ಕೆ ಕೈಹಾಕಿ ಬಿಟ್ಟವರು ನಮ್ಮಲ್ಲಿಯೂ ಹಲವರಿದ್ದಾರೆ. ಬಿಸಿಲನ್ನು ನಂಬಿ ಕೂತರೆ ಚಿತ್ರ ಮುಗಿಯುವುದಿಲ್ಲ, ದೀಪವೇ ಬೇಕು ಎಂದು ನನಗೆ ಚಿತ್ರ ಕಲಿಸಿದವರೇ ಹೇಳಿದ್ದರು.

ಆ ಮಾತು ಕೇಳಿ ಸುಮಾರು 4,500 ರೂಪಾಯಿಯ ಸ್ಟುಡಿಯೊ ದೀಪ ತಂದೆ. ಅದರ ಮೃದು ಬೆಳಕಿನಲ್ಲಿ ನೆರಳಿನ ಅಂಚು ಗಂಜಿಯಂತೆ ಕದಡಿತು. ಅನಂತರ ತಂದ ಎಲ್‌ಇಡಿ ದೀಪದಲ್ಲಿ ಬೆಳಕು ಬೀರುವ ಸಣ್ಣ ಬಿಲ್ಲೆಗಳು ಬಹಳವಿದ್ದುದರಿಂದ ಒಂದು ಸೌಟಿಗೆ ಏಳೆಂಟು ನೆರಳುಗಳು ಬಿದ್ದವು. ಎರಡೂ ಈಗ ಅಟ್ಟದ ಮೇಲಿವೆ.

ಕಡೆಗೆ ಬೆಂಗಳೂರಿನ ನಮ್ಮ ಮನೆಯ ಮೊಗಸಾಲೆಯ ಬಿಸಿಲಿಗೇ ಮರಳಿದೆ. ಸೂರ್ಯೋದಯವಾಗಿ ಒಂದೂವರೆ ಗಂಟೆಯ ಹೊತ್ತಿಗೆ 10 ಸೆಂ.ಮೀ. ಎತ್ತರದ ಗಿಂಡಿ 27 ಸೆಂ.ಮೀ.ನಷ್ಟು ನೆರಳು ಚೆಲ್ಲುತ್ತದೆ; ಎ3 ಹಾಳೆಗೆ ಅದು ಹೇಳಿ ಮಾಡಿಸಿದಂತಿದೆ. ಆದರೆ ಹತ್ತೇ ನಿಮಿಷದಲ್ಲಿ ಅದು ಎರಡು-ಮೂರು ಸೆಂ.ಮೀ. ಮೊಟಕಾಗುವುದರಿಂದ, ನಾನು ಗರಿಗಳನ್ನು ತಿದ್ದಿ ತಲೆಯೆತ್ತುವಷ್ಟರಲ್ಲಿ ಕೊಕ್ಕರೆ ಬಾತುಕೋಳಿಯಾಗಿರುತ್ತಿತ್ತು. ಹೀಗೆ ಕೆಟ್ಟ ಹಾಳೆಗಳು ಅರವತ್ತಕ್ಕೆ ಕಡಿಮೆಯಿಲ್ಲ. ದಾರಿ ತೋರಿದ್ದು ಸರಳವಾದ ಒಂದು ವಿಚಾರ: ಮರುದಿನ ಅದೇ ಹೊತ್ತಿಗೆ ನೆರಳು ಹೆಚ್ಚುಕಡಿಮೆ ಅದೇ ಗೆರೆಗೆ ಬಂದು ನಿಲ್ಲುತ್ತದೆ. ಹಾಗಾಗಿ ಹಾಳೆಯನ್ನೂ ಪಾತ್ರೆಯನ್ನೂ ಕದಲಿಸದೆ, ದಿನಕ್ಕೆ ಐದೇ ನಿಮಿಷದಂತೆ ಮೂರು-ನಾಲ್ಕು ಬೆಳಗ್ಗೆ ಬರೆದೆ. ಇಷ್ಟು ತಾಳ್ಮೆ ನಮ್ಮ ಬಳಗದಲ್ಲಿ ಬೇರೆ ಯಾರಿಗೂ ಇದ್ದಂತೆ ಕಾಣಲಿಲ್ಲ.

ಮೊದಲು ಬರೆಯಬೇಕಾದದ್ದು ಕಣ್ಣು. ಗಿಂಡಿಯ ಮೂತಿಯನ್ನು ಸೊಂಡಿಲೆಂದು ಮೊದಲೇ ನಿಶ್ಚಯಿಸಿಕೊಂಡು ನಾನು ತಿಂಗಳುಗಟ್ಟಲೆ ಸತ್ತ ಆನೆಗಳನ್ನೇ ಬರೆದೆ. ಒಂದು ದಿನ ನೆರಳಿನ ಮೇಲೆ ಕಣ್ಣಿನ ಬದಲು ಒಂದು ಸಾಸಿವೆಕಾಳನ್ನಿಟ್ಟು ಅತ್ತಿತ್ತ ಸರಿಸಿ ನೋಡುತ್ತಿದ್ದಾಗ, ಅದು ಮೂತಿಯ ಬುಡಕ್ಕೆ ಬಂದೊಡನೆ ಸೊಂಡಿಲು ಕೊಕ್ಕಾಯಿತು, ಹೊಟ್ಟೆ ರೆಕ್ಕೆಯಾಯಿತು. ಅದಕ್ಕೆ ಎರಡು ಕಾಲುಗಳಷ್ಟೇ ಬೇಕಿದ್ದವು. ಅಂದಿನಿಂದ ಶಾಯಿ ಮುಟ್ಟುವ ಮೊದಲು ಸಾಸಿವೆಯೇ ನನ್ನ ಗುರು. ಪಾತ್ರೆಯನ್ನು ವಾಲಿಸಿ ನಿಲ್ಲಿಸಲು ಅದರ ಕೆಳಗೆ ಏನು ಇಡುತ್ತೇನೆಂಬುದನ್ನು ಮಾತ್ರ ಇಲ್ಲಿ ಹೇಳಲಾರೆ.

ತೂತುಗಳಿರುವ ವಸ್ತುಗಳ ಪ್ರಯೋಗ ಬೇರೆಯೇ ಮೋಜಿನದು. ತುರಿಮಣೆಯ ನೆರಳಿನಲ್ಲಿ ಬೆಳಕಿನ ಚುಕ್ಕೆಗಳು ಸಾಲುಗಟ್ಟಿದ್ದವು; ನಾನು ಅದನ್ನು ಜಿಂಕೆ ಎಂದುಕೊಂಡಿದ್ದೆ. 2019ರ ಡಿಸೆಂಬರ್ 26ರ ಬೆಳಗಿನ ಸೂರ್ಯಗ್ರಹಣದಲ್ಲಿ ಅದೇ ತುರಿಮಣೆಯನ್ನು ಹಾಳೆಯಿಂದ ಒಂದು ಮೊಳ ಮೇಲಕ್ಕೆ ಹಿಡಿದಾಗ ಪ್ರತಿ ಚುಕ್ಕೆಯೂ ಕುಡುಗೋಲಿನಂತೆ ಬಾಗಿ, ಜಿಂಕೆಯ ಮೈಮೇಲೆ ಚಿಪ್ಪುಗಳೆದ್ದವು. ಚಿಪ್ಪುಹಂದಿಯ ಆ ಚಿತ್ರವನ್ನು ಮತ್ತೆ ಬರೆಯಲು ಇನ್ನೊಂದು ಗ್ರಹಣವೇ ಬರಬೇಕು.

ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ಇವುಗಳ ಮುದ್ರಿತ ಪ್ರತಿಗಳನ್ನು ತಲಾ 300 ರೂಪಾಯಿಗೆ ಇಟ್ಟಾಗ ನಲವತ್ತರಷ್ಟು ಖರ್ಚಾದವು. ಮುದ್ರಣಕ್ಕೂ ಕಟ್ಟಿಗೂ ಸುಮಾರು 5,000 ತಗುಲಿತ್ತು. ತುರಿಮಣೆ ಅಡುಗೆಮನೆಗೆ ಹಿಂದಿರುಗದ ಕಾರಣ ಮನೆಗೆ ಹೊಸದೊಂದನ್ನು ಕೊಳ್ಳಬೇಕಾಯಿತು. ಆ 120 ರೂಪಾಯಿಯನ್ನೂ ಖರ್ಚಿನ ಕಡೆಗೇ ಬರೆದುಕೊಳ್ಳಬೇಕೆಂದು ಮನೆಯವರ ತಾಕೀತು.