ಹಿರಿಯರಿಗೂ ಅವರನ್ನು ನೋಡಿಕೊಳ್ಳುವವರಿಗೂ ಊರಿನ ಸನ್ಮಾನ: ಮಾಡುವ ಬಗೆ

ವಿಶ್ವಸಂಸ್ಥೆ 1990ರಲ್ಲಿ ಅಕ್ಟೋಬರ್ 1ನ್ನು ಹಿರಿಯರ ದಿನವೆಂದು ಗೊತ್ತುಮಾಡಿತು. ಕೇಂದ್ರ ಸರ್ಕಾರದ ವಯೋಶ್ರೇಷ್ಠ ಸಮ್ಮಾನ್ ಕೂಡ ಇದೇ ದಿನಕ್ಕೆ ಹೊಂದಿಕೊಂಡ ಪ್ರಶಸ್ತಿ. ಹಿರಿಯ ನಾಗರಿಕರ ವೇದಿಕೆ, ಯುವಕ ಸಂಘ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ, ಗ್ರಾಮ ಪಂಚಾಯಿತಿ ಯಾರು ಬೇಕಾದರೂ ತಮ್ಮ ಮಟ್ಟದಲ್ಲಿ ಹೀಗೆ ಸನ್ಮಾನ ಇಟ್ಟುಕೊಳ್ಳಬಹುದು. ಹತ್ತು ವಾರದ ಕೆಲಸವಿದೆ. ಎರಡು ವಾರ ಇರುವಾಗ ಶುರು ಮಾಡಿದರೆ ಕಮಿಟಿಯವರಿಗೆ ಮೊದಲೇ ಪರಿಚಯವಿರುವ ನಾಲ್ಕು ಹೆಸರು ಬಿಟ್ಟು ಐದನೆಯದು ಸಿಗುವುದಿಲ್ಲ.

ಮೊದಲು ಪಂಚಾಂಗ ನೋಡಿ. 2025ರಲ್ಲಿ ಅಕ್ಟೋಬರ್ 1 ಆಯುಧಪೂಜೆಯ ದಿನವೇ ಬಂದಿತ್ತು. 2026ರಲ್ಲಿ ಪಕ್ಷಮಾಸದೊಳಗೆ ಬೀಳುತ್ತದೆ. ಪಕ್ಷದಲ್ಲಿ 'ಹಿರಿಯರು' ಅಂದರೆ ತೀರಿಕೊಂಡವರು, ಅವರಿಗೆ ಎಡೆ ಇಡುವ ದಿನಗಳವು. ಆ ಹೊತ್ತಿನಲ್ಲಿ ಕೊರಳಿಗೆ ಹಾರ ಹಾಕಿಸಿಕೊಳ್ಳಲು ಎಷ್ಟೋ ಅಜ್ಜ ಅಜ್ಜಿಯರ ಮನಸ್ಸು ಒಪ್ಪುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ಅವತ್ತು ಬೆಳಿಗ್ಗೆ ಮೈ ಹುಷಾರಿಲ್ಲ ಎಂದು ಹೇಳಿಕಳಿಸುತ್ತಾರೆ. ಅಂಥ ವರ್ಷ ದಸರೆ ಮುಗಿದ ಮೇಲಿನ ಮೊದಲ ಭಾನುವಾರ ಇಟ್ಟುಕೊಳ್ಳಿ. ರಾಜ್ಯೋತ್ಸವಕ್ಕೆ ಸೇರಿಸಬೇಡಿ, ಅಲ್ಲಿ ಸನ್ಮಾನಗಳ ಸಾಲಿನಲ್ಲಿ ಇದು ಕಳೆದುಹೋಗುತ್ತದೆ.

ಎಷ್ಟು ಜನ, ಯಾರು

ಒಂದು ಸಮಾರಂಭಕ್ಕೆ ಎಂಟು ಜನ ಸಾಕು. ಒಬ್ಬೊಬ್ಬರಿಗೆ 6 ನಿಮಿಷ ಹಿಡಿದರೂ 48 ನಿಮಿಷ ಆಯಿತು. ಇಪ್ಪತ್ತು ಜನರನ್ನು ಕರೆದರೆ ಶಾಲು ಹೊದಿಸಿ ಕಳಿಸುವುದಷ್ಟೇ ಆಗುತ್ತದೆ, ಯಾರು ಏನು ಮಾಡಿದರೆಂದು ಸಭೆಗೆ ತಿಳಿಯುವುದೇ ಇಲ್ಲ.

ಎಂಟರಲ್ಲಿ ನಾಲ್ಕು ಹಿರಿಯರಿಗೆ (2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಂತೆ 60 ತುಂಬಿದವರು), ನಾಲ್ಕು ನೋಡಿಕೊಳ್ಳುವವರಿಗೆ. ಈ ಅರ್ಧಕ್ಕರ್ಧ ಲೆಕ್ಕವನ್ನು ಮೊದಲ ಸಭೆಯಲ್ಲೇ ಬರೆದಿಡಿ, ಆಮೇಲೆ ಒತ್ತಡ ಬಂದಾಗ ಮೊದಲು ಕತ್ತರಿಸುವುದು ಎರಡನೇ ಅರ್ಧವನ್ನೇ. ನೋಡಿಕೊಳ್ಳುವವರೆಂದರೆ ಮನೆಯವರು ಮಾತ್ರವೇ ಅಲ್ಲ: ಒಂಟಿ ಅಜ್ಜಿಗೆ ದಿನಾ ಸಾರು ಕೊಡುವ ಪಕ್ಕದ ಮನೆಯಾಕೆ, ಪಿಂಚಣಿ ಹಣವನ್ನು ಮನೆಬಾಗಿಲಿಗೆ ತಂದು ಎರಡು ಸಲ ಎಣಿಸಿಕೊಡುವ ಅಂಚೆಯಣ್ಣ, ಡಯಾಲಿಸಿಸ್‌ಗೆ ಕರೆದೊಯ್ದು ಮುಗಿಯುವವರೆಗೂ ಕಾಯುವ ಆಟೋದವರು.

ಆಯ್ಕೆ ಸಮಿತಿಗೆ ಐದು ಜನ. ಇಬ್ಬರು 60 ದಾಟಿದವರು, ಒಬ್ಬರು 35ರೊಳಗಿನವರು, ಒಬ್ಬರು ಆಶಾ ಕಾರ್ಯಕರ್ತೆ ಅಥವಾ ನರ್ಸ್, ಒಬ್ಬರು ಊರಿಗೆ ಲೆಕ್ಕಪತ್ರದಲ್ಲಿ ನಂಬಿಕೆಯಿರುವವರು. ಇಬ್ಬರಾದರೂ ಹೆಂಗಸರಿರಲಿ. ನೆಂಟರ ಹೆಸರು ಬಂದಾಗ ಆ ಸದಸ್ಯರು ಹೊರಗೆ ಹೋಗಬೇಕು, ಹೋದರೆಂದು ನಡಾವಳಿಯಲ್ಲಿ ಬರೆಯಬೇಕು.

ಹೆಸರು ತರಿಸುವುದು

ವಾಟ್ಸ್ಆಪ್ ಗುಂಪಿನಲ್ಲಷ್ಟೇ ಹಾಕಿದರೆ ಈಗಾಗಲೇ ಮೂರು ಸಲ ಸನ್ಮಾನ ಆದವರ ಹೆಸರೇ ಮತ್ತೆ ಬರುತ್ತದೆ. ಕರಪತ್ರವನ್ನು ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಔಷಧಿ ಅಂಗಡಿಯಲ್ಲಿ ಅಂಟಿಸಿ. ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಹಾಸಿಗೆ ಹಿಡಿದವರಿರುವ ಮನೆಗಳು ಗೊತ್ತಿರುತ್ತವೆ. ಬರೆಯಲು ಬಾರದವರು ಫೋನಿನಲ್ಲಿ ಹೇಳಿದರೆ ಬರೆದುಕೊಳ್ಳಲು ಒಬ್ಬರನ್ನು ಗೊತ್ತುಮಾಡಿ. ಮೂರು ವಾರ ಅವಕಾಶ ಕೊಡಿ.

ನಮೂನೆ ಒಂದೇ ಪುಟ ಇರಲಿ. 'ಸಾಧನೆ' ಎಂಬ ಕಾಲಂ ಹಾಕಬೇಡಿ. ಹಾಕಿದರೆ ನಿವೃತ್ತ ಅಧಿಕಾರಿಗಳ ಹೆಸರು ತುಂಬಿಕೊಳ್ಳುತ್ತದೆ, ಮನೆಯಲ್ಲಿ ದುಡಿದ ಹೆಂಗಸರ ಬಗ್ಗೆ 'ಏನಿಲ್ಲ' ಎಂದು ಬರುತ್ತದೆ. ಅದರ ಬದಲು ಹೀಗೆ ಕೇಳಿ: 'ಇವರು ಒಂದು ವಾರ ಊರಲ್ಲಿ ಇರದಿದ್ದರೆ ಯಾರಿಗೆ ಏನು ನಿಂತುಹೋಗುತ್ತದೆ?' ಈ ಒಂದು ಪ್ರಶ್ನೆಗೆ ಬರುವ ಉತ್ತರ ಇಡೀ ಅರ್ಜಿಗಿಂತ ಹೆಚ್ಚು ಹೇಳುತ್ತದೆ. 'ಮೂರು ಮನೆಯ ಮುದುಕರಿಗೆ ಮಾತ್ರೆ ಬಿಡಿಸಿಕೊಡುವವರಿಲ್ಲ' ಎಂದು ಯಾರಾದರೂ ಬರೆದರೆ ಆ ಮನೆಗೆ ಹೋಗಲೇಬೇಕು.

ಅಂಕ 50ಕ್ಕೆ: ಎಷ್ಟು ಕಾಲದಿಂದ 15, ಎಷ್ಟು ಕಷ್ಟದ ನಡುವೆ 15, ಯಾರಿಗೆ ಎಷ್ಟು ಉಪಯೋಗ 10, ಹಿಂದೆ ಯಾರೂ ಗುರುತಿಸದಿದ್ದರೆ 10.

ಮನೆ ಭೇಟಿ

ಅಂಕದಲ್ಲಿ ಮುಂದಿರುವ ಹನ್ನೆರಡು ಮನೆಗೆ ಇಬ್ಬರಿಬ್ಬರಾಗಿ ಹೋಗಿ, ಮುಕ್ಕಾಲು ಗಂಟೆ ಕೂರಿ. ಹಿರಿಯರನ್ನು ಒಬ್ಬರೇ ಇರುವಾಗ ಐದು ನಿಮಿಷ ಮಾತಾಡಿಸುವುದು ಕಡ್ಡಾಯ. ಮಗನಿಗೆ ಪ್ರಶಸ್ತಿ ಎಂದು ಊರೆಲ್ಲ ಸಾರಿದ ಮೇಲೆ, ಅದೇ ಮಗನ ಮೇಲೆ ತಾಯಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಜೀವನಾಂಶದ ಅರ್ಜಿ ಹಾಕಿದ್ದಾರೆಂದು ತಿಳಿದರೆ ಆಕೆಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಬೆನ್ನಲ್ಲಿ ಹುಣ್ಣು, ಮೈಮೇಲೆ ಬಾಸುಂಡೆ, ಮಗ ಬಂದ ಕೂಡಲೇ ನಿಂತುಹೋಗುವ ಮಾತು, ಇವು ಕಂಡರೆ ಪ್ರಶಸ್ತಿ ಪಕ್ಕಕ್ಕಿಟ್ಟು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ.

ವಯಸ್ಸನ್ನು ಆಧಾರ್ ಕಾರ್ಡ್ ಒಂದನ್ನೇ ನೋಡಿ ಬರೆಯಬೇಡಿ. ಅಲ್ಲಿ ಜನವರಿ 1 ಎಂದಿದ್ದರೆ ಬಹುಮಟ್ಟಿಗೆ ಅದು ಅಂದಾಜಿನ ತಾರೀಖು. ಶತಾಯುಷಿ ಎಂದು ಹಾಕುವ ಮುನ್ನ ಮೊದಲ ಮಗುವಿನ ವಯಸ್ಸು, ಮದುವೆಯಾದ ವರ್ಷ, ಶಾಲೆಯ ದಾಖಲೆ ಇವನ್ನು ತಾಳೆ ನೋಡಿ. ತಾಳೆಯಾಗದಿದ್ದರೆ 'ನೂರರ ಆಸುಪಾಸು' ಎಂದರೆ ಸಾಕು.

ಮರೆವಿನ ಕಾಯಿಲೆ ಇರುವವರನ್ನು ಸಭೆಗೆ ಕರೆತರಬೇಡಿ. ಗದ್ದಲ, ಹೊಸ ಮುಖಗಳು ಕಂಡರೆ ಗಾಬರಿಯಾಗುತ್ತಾರೆ. ಅವರ ಮನೆಯಲ್ಲೇ, ಗುರುತಿರುವ ಆರೇಳು ಜನರ ನಡುವೆ ಕೊಡಿ.

ಬಿನ್ನವತ್ತಳೆ

ಸನ್ಮಾನ ಪಡೆಯುವವರ ಬಗ್ಗೆ ಬರೆದು, ಸಭೆಯಲ್ಲಿ ಓದಿ ಕೊಡುವ ಈ ಪತ್ರದಲ್ಲೇ ಸನ್ಮಾನದ ತಿರುಳಿದೆ. ಇದಕ್ಕೆ ಹೆಚ್ಚು ಸಮಯ ಕೊಡಿ. ನೂರು ಪದ ಸಾಕು, ನಿಧಾನವಾಗಿ ಓದಿದರೆ ಒಂದು ನಿಮಿಷ ಚಿಲ್ಲರೆ ಆಗುತ್ತದೆ. 'ಸರಳ ಸಜ್ಜನಿಕೆಯ ಸಾಕಾರಮೂರ್ತಿ, ನಿಸ್ವಾರ್ಥ ಸೇವೆಯ ಪ್ರತೀಕ' ಎಂಬಂಥದ್ದು ಯಾರಿಗೂ ಒಪ್ಪುತ್ತದೆ, ಹಾಗಾಗಿ ಯಾರದ್ದೂ ಆಗುವುದಿಲ್ಲ. ಹೀಗೆ ಬರೆದು ನೋಡಿ: 'ಹನ್ನೊಂದು ವರ್ಷದಿಂದ ಅತ್ತೆಗೆ ಬೆಳಿಗ್ಗೆ ಏಳಕ್ಕೆ, ರಾತ್ರಿ ಎಂಟಕ್ಕೆ ಇನ್ಸುಲಿನ್ ಕೊಡುತ್ತಿದ್ದೀರಿ. ತವರಿನ ಮದುವೆಗೆ ಹೋದ ದಿನವೂ ರಾತ್ರಿ ಬಸ್ಸಿಗೇ ವಾಪಸಾದಿರಿ.' ಸಭೆ ತಾನಾಗಿ ನಿಶ್ಶಬ್ದವಾಗುತ್ತದೆ. ಆದರೆ ಮಲಮೂತ್ರ, ಸಾಲ, ಅಣ್ಣತಮ್ಮಂದಿರ ಜಗಳ ಬರೆಯಬೇಡಿ. ಬೇರೆ ಮಕ್ಕಳು ನೋಡಿಕೊಳ್ಳಲಿಲ್ಲ ಎಂಬ ಸೂಚನೆಯೂ ಬೇಡ, ಅವರು ಸಭೆಯಲ್ಲೇ ಕೂತಿರುತ್ತಾರೆ. ಅಚ್ಚಿಗೆ ಕೊಡುವ ಮುಂಚೆ ಸನ್ಮಾನ ಪಡೆಯುವವರಿಗೇ ಓದಿ ಹೇಳಿ ಒಪ್ಪಿಗೆ ಪಡೆಯಿರಿ.

ಅಚ್ಚಿನಲ್ಲಿ ಆಗುವ ತಪ್ಪು ಒಂದೇ ಬಗೆಯದು. ವಾಟ್ಸ್ಆಪ್‌ನಲ್ಲಿ ಕಳಿಸಿದ ಯೂನಿಕೋಡ್ ಅಕ್ಷರ ಪ್ರೆಸ್ಸಿನವರ ನುಡಿ ಫಾಂಟಿಗೆ ಬದಲಾಗುವಾಗ ಒತ್ತಕ್ಷರ, ಅರ್ಕಾವತ್ತು ಚೆಲ್ಲಾಪಿಲ್ಲಿಯಾಗುತ್ತವೆ. ಕರಡಿನ ಪ್ರಿಂಟ್ ತೆಗೆಸಿ, ಮನೆಯವರೊಬ್ಬರಿಂದ ಹೆಸರನ್ನು ಅಕ್ಷರ ಅಕ್ಷರ ಓದಿಸಿ. ಸ್ಮರಣಿಕೆಗೂ ಅದೇ ಕರಡು ಹೋಗಲಿ. ದಾಖಲೆಯ ಹೆಸರಿನ ಕೆಳಗೆ ಊರವರು ಕರೆಯುವ ಹೆಸರನ್ನೂ ಹಾಕಿಸಿದರೆ ಹಿರಿಯರ ಮುಖ ಅರಳುತ್ತದೆ.

ಪೇಟ, ಶಾಲು, ಹಾರ

ಸಿದ್ಧ ಮೈಸೂರು ಪೇಟ ಅಳತೆಗೆ ಸಿಗುತ್ತದೆ. ತಲೆಯ ಸುತ್ತಳತೆಯನ್ನು ಭೇಟಿಯ ದಿನವೇ ದಾರದಲ್ಲಿ ತೆಗೆದುಕೊಳ್ಳಿ. ದೊಡ್ಡದಾದರೆ ಕಿವಿಯ ಮೇಲೆ ಜಾರಿ ಶ್ರವಣಯಂತ್ರವನ್ನು ಒತ್ತುತ್ತದೆ. ಅದು ಕುಯ್ಯೆಂದು ಕೂಗಲು ಶುರುವಾದರೆ ತಮ್ಮ ಬಗ್ಗೆ ಓದುವುದು ಅವರಿಗೇ ಕೇಳಿಸದು. ಶಾಲನ್ನು ಕೂತಲ್ಲೇ ಹೊದಿಸಿ, ಫೋಟೋ ಆದ ಕೂಡಲೇ ಮಡಚಿ ಮನೆಯವರ ಕೈಗೆ ಕೊಡಿ. ಕೋಲು ಹಿಡಿದು ಏಳುವಾಗ ಇಳಿಬಿದ್ದ ಸೆರಗು ಕಾಲಿಗೆ ಸಿಕ್ಕಿದರೆ ಸೊಂಟದ ಮೂಳೆ ಮುರಿಯುತ್ತದೆ. ಗುಲಾಬಿಯ ದಪ್ಪ ಹಾರ ಬಾಗಿದ ಕೊರಳಿಗೆ ಭಾರ. ಗಂಧದ ಚಕ್ಕೆಯ ಹಾರವನ್ನು ತೀರಿಕೊಂಡವರ ಫೋಟೋಗೆ ಹಾಕುವ ರೂಢಿಯಿರುವುದರಿಂದ ಕೆಲವರಿಗೆ ಕಸಿವಿಸಿ. ಹಾವೇರಿಯ ಏಲಕ್ಕಿ ಹಾರ ಹಗುರ, ಘಮವೂ ಇರುತ್ತದೆ. ಹಣ್ಣಿನ ಬುಟ್ಟಿ ತೊಡೆಯ ಮೇಲಿಡಬೇಡಿ, ಸೀದಾ ವಾಹನಕ್ಕೆ ಹೋಗಲಿ.

ಆ ದಿನ

ಬೆಳಿಗ್ಗೆ ಹತ್ತೂವರೆಗೆ ಶುರು, ಹನ್ನೆರಡಕ್ಕೆ ಮುಕ್ತಾಯ, ಹನ್ನೆರಡೂಕಾಲಿಗೆ ಊಟ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ ಬಂದವರಿಗೆ ಊಟ ತಡವಾದರೆ ಬೆವತು ತಲೆ ಸುತ್ತುತ್ತದೆ. ಮುಖ್ಯ ಅತಿಥಿಗಾಗಿ ಹದಿನೈದು ನಿಮಿಷಕ್ಕಿಂತ ಹೆಚ್ಚು ಕಾಯುವುದಿಲ್ಲವೆಂದು ಆಹ್ವಾನ ಪತ್ರದ ಜೊತೆಯಲ್ಲೇ ತಿಳಿಸಿ. ಸ್ವಾಗತ, ಪ್ರಾಸ್ತಾವಿಕ ಎರಡೂ ಸೇರಿ ಹತ್ತು ನಿಮಿಷ, ಅದಾದ ತಕ್ಷಣ ಸನ್ಮಾನ, ಭಾಷಣ ಆಮೇಲೆ.

ಹಿರಿಯರನ್ನು ವೇದಿಕೆ ಹತ್ತಿಸಬೇಡಿ. ಎರಡಡಿ ಎತ್ತರದ ವೇದಿಕೆಗೆ ಸರಿಯಾದ ಇಳಿಜಾರು ಮಾಡಬೇಕೆಂದರೆ 24 ಅಡಿ ಉದ್ದ ಬೇಕು, ಶಾಮಿಯಾನದವರು ತರುವುದು ಆರಡಿ ಹಲಗೆ. ಅತಿಥಿಗಳೇ ಕೆಳಗಿಳಿದು ಬರಲಿ. ಮೆತ್ತನೆಯ ಸೋಫಾದಲ್ಲಿ ಕೂತರೆ ಏಳಲಾಗುವುದಿಲ್ಲ. ಕೈಯಿರುವ ಪ್ಲಾಸ್ಟಿಕ್ ಕುರ್ಚಿ ಎರಡನ್ನು ಒಂದರೊಳಗೊಂದು ಸೇರಿಸಿದರೆ ಎತ್ತರವೂ ಬರುತ್ತದೆ, ಗಟ್ಟಿಯೂ ಆಗುತ್ತದೆ. ಸ್ಪೀಕರ್ ಅವರ ಪಕ್ಕ ಬೇಡ. ಕಮೋಡ್ ಇರುವ ಶೌಚಾಲಯ ಹತ್ತಿರವಿಲ್ಲದ ಸಭಾಂಗಣ ಎಷ್ಟೇ ಚೆಂದವಿದ್ದರೂ ಬೇಡ. ಬಿಪಿ ಮಾತ್ರೆಗಳಲ್ಲಿ ಕೆಲವು ಮೂತ್ರ ಹೆಚ್ಚಿಸುತ್ತವೆ, ಅದಕ್ಕೆ ಹೆದರಿ ಹಿರಿಯರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ.

ನೋಡಿಕೊಳ್ಳುವವರಿಗೆ ಪ್ರಶಸ್ತಿ ಕೊಡುವ ಕಾರ್ಯಕ್ರಮಗಳಲ್ಲಿ ಕುರ್ಚಿ ಖಾಲಿ ಉಳಿಯುವುದು ಅಹಂಕಾರದಿಂದಲ್ಲ, ಮನೆಯಲ್ಲಿ ಬಿಟ್ಟುಬರಲು ಯಾರೂ ಇಲ್ಲದ್ದರಿಂದ. ಒಬ್ಬೊಬ್ಬರ ಮನೆಗೂ ಇಬ್ಬರು ಸ್ವಯಂಸೇವಕರನ್ನು, ಒಬ್ಬರು ಹೆಂಗಸು ಇರುವಂತೆ, ಮೂರು ಗಂಟೆ ಹೊತ್ತು ಇರಲು ಗೊತ್ತುಮಾಡಿ. ಅವರು ಹಿಂದಿನ ದಿನವೇ ಹೋಗಿ ಮಾತ್ರೆಯ ಹೊತ್ತು, ಗಂಜಿ ಎಷ್ಟು ತೆಳು, ಮಗ್ಗುಲು ಬದಲಿಸುವುದು ಹೇಗೆ, ಕರೆಯುವುದು ಏನೆಂದು ಎಂಬುದನ್ನು ಕಲಿತು ಬರಬೇಕು. ಇದು ಆಗದಿದ್ದರೆ ಆಹ್ವಾನ ಕೊಡಬೇಡಿ. ನೀವೇ ಮನೆಗೆ ಹೋಗಿ ಕೊಟ್ಟು ಬನ್ನಿ.

ವಾರದೊಳಗೆ ಫೋಟೋವನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಮನೆಗೆ ಮುಟ್ಟಿಸಿ, ಮೊಬೈಲಿನಲ್ಲಿ ಕಳಿಸಿದ್ದು ಅವರ ಕಣ್ಣಿಗೆ ಬೀಳುವುದಿಲ್ಲ. ಒಯ್ಯುವವರು ಆ ದಿನ ಮನೆಯಲ್ಲಿ ಕೂತಿದ್ದ ಸ್ವಯಂಸೇವಕರೇ ಆಗಿರಲಿ. ತಿಂಗಳಿಗೊಂದು ಮಧ್ಯಾಹ್ನ ಬಂದು ಕೂರಲೇ ಎಂದು ಅವರು ಆಗ ಕೇಳಬಹುದು.